ನೆಲ ನಡುಗಿದ್ದು ಇದೇ ಮೊದಲೇ?

2021ರ ಅಕ್ಟೋಬರ್ ತಿಂಗಳಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳ ಜನ ಮನೆಯೊಳಗೆ ಮಲಗಲು ಹೆದರಿದರು. ನೆಲದಾಳದಿಂದ ಗುಡುಗಿನಂಥ ಸದ್ದು. ಅದರ ಬೆನ್ನಿಗೇ ಒಂದು ಅದುರು. 11ರ ರಾತ್ರಿಯ ಕಂಪನ 4.1 ತೀವ್ರತೆಯದೆಂದು ದಾಖಲಾಯಿತು. ಕೆಲವರು ಬಯಲಿನಲ್ಲಿ ರಾತ್ರಿ ಕಳೆದರು, ಕೆಲವರು ಊರನ್ನೇ ಬಿಟ್ಟು ನೆಂಟರ ಮನೆ ಸೇರಿದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಊರಿನಲ್ಲೇ ತಾತ್ಕಾಲಿಕವಾಗಿ ಒಂದು ಕಂಪನಮಾಪಕವನ್ನು ಇರಿಸಿತು.

ಇಂಥ ಹೊತ್ತಿನಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ಇದಕ್ಕಿಂತ ದೊಡ್ಡದು ಬರುತ್ತದೆಯೇ? ಹಿಂದೆ ಯಾವಾಗಲಾದರೂ ಹೀಗೆ ಆಗಿತ್ತೇ? ಮೊದಲನೆಯದಕ್ಕೆ ಉತ್ತರ ಹೇಳುವ ವಿದ್ಯೆ ಇನ್ನೂ ಹುಟ್ಟಿಲ್ಲ. ಎರಡನೆಯದು ಸುಲಭವೆಂದು ತೋರುತ್ತದೆ. ಹಳೆಯ ಕಡತ ತೆಗೆದು ನೋಡಿದರೆ ಮುಗಿಯಿತಲ್ಲ ಎನ್ನಿಸುತ್ತದೆ. ಆದರೆ ಆ ಕಡತವನ್ನು ಯಾರು ಬರೆದರು, ಎಲ್ಲಿ ಕುಳಿತು ಬರೆದರು, ಅವರ ಯಂತ್ರಕ್ಕೆ ಎಷ್ಟು ದೂರದ ಸದ್ದು ಕೇಳುತ್ತಿತ್ತು ಎಂದು ವಿಚಾರಿಸಹೊರಟರೆ ಕಥೆ ಚಿಂಚೋಳಿಯಿಂದ ಹಿಮಾಲಯದವರೆಗೆ ಹೋಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ಭೂಕಂಪಗಳನ್ನು ವಿಜ್ಞಾನಿಗಳು ಹಳೆಯ ಕಾಗದಗಳಿಂದ ಮತ್ತೆ ಲೆಕ್ಕ ಹಾಕುತ್ತಿರುವ ಕಥೆ ಅದು.

ಮೊದಲು ನಮ್ಮ ನೆಲದ ಮಾತು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ಕೆಳಗೆ ಇರುವುದು ಹಾಳೆ ಹಾಳೆಯಾಗಿ ಏಳುವ ಸುಣ್ಣದ ಕಲ್ಲು. ನಾಡಿನ ಎಷ್ಟೋ ಮನೆಗಳ ಅಂಗಳಕ್ಕೆ ಹಾಸಿರುವ ಫರಸಿ ಅದೇ. ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದು, ಆಮೇಲೆ ವಾಡಿಯಲ್ಲಿ, ಸೇಡಂನಲ್ಲಿ, ಮಳಖೇಡದ ಬಳಿ ಎದ್ದದ್ದು ಈ ಕಲ್ಲಿನ ಬಲದಿಂದ. ಭೂವಿಜ್ಞಾನಿಗಳು ಇದನ್ನು ಭೀಮಾ ಕೊಳ್ಳವೆಂದು ಕರೆಯುತ್ತಾರೆ. ಅದರ ತಳಕ್ಕೆ ಬಹು ಪುರಾತನವಾದ ಗ್ರಾನೈಟ್ ಶಿಲೆ. ಉತ್ತರಕ್ಕೆ ಚಿಂಚೋಳಿಯ ಕಡೆ ಸರಿದಂತೆ ಸುಮಾರು 6.5 ಕೋಟಿ ವರ್ಷದ ಹಿಂದೆ ಹರಿದ ಲಾವಾ ಈ ಕಲ್ಲನ್ನು ಮುಚ್ಚಿಕೊಂಡಿದೆ. ನಮ್ಮ ಕರಿಯ ಎರೆಭೂಮಿ ಆ ಲಾವಾದ ಕೊಡುಗೆ. ಕೊಳ್ಳದಲ್ಲಿ ಹಳೆಯ ಸ್ತರಭಂಗಗಳಿವೆ. ಅವುಗಳಲ್ಲೊಂದಕ್ಕೆ ನಕ್ಷೆಯಲ್ಲಿ ವಾಡಿಯ ಹೆಸರೇ ಇದೆ. ಸ್ತರಭಂಗ ಇದ್ದ ಮಾತ್ರಕ್ಕೆ ಅದು ಈಗ ಅಲುಗಾಡುತ್ತಿದೆ ಎಂದು ಅರ್ಥವಲ್ಲ. ಕೋಟ್ಯಂತರ ವರ್ಷಗಳಿಂದ ಸುಮ್ಮನೆ ಬಿದ್ದುಕೊಂಡಿರುವ ಬಿರುಕುಗಳು ದಖ್ಖನ್ನಿನಲ್ಲಿ ಬೇಕಾದಷ್ಟಿವೆ.

ದೇಶದ ಹಳೆಯ ಭೂಕಂಪ ಪಟ್ಟಿಗಳನ್ನು ತಿರುವಿದರೆ ಈ ಸೀಮೆ ಹೆಚ್ಚುಕಡಿಮೆ ಖಾಲಿ. ಹತ್ತಿರದ ಪ್ರಸಿದ್ಧ ಹಳೆಯ ನಮೂದು 1843ರ ಏಪ್ರಿಲ್ 1ರ ಬಳ್ಳಾರಿ ಭೂಕಂಪ. ಥಾಮಸ್ ಓಲ್ಡ್‌ಹ್ಯಾಮ್ ಸಿದ್ಧಪಡಿಸಿ, ಅವರು ತೀರಿಕೊಂಡ ಮೇಲೆ ಮಗ ಆರ್.ಡಿ. ಓಲ್ಡ್‌ಹ್ಯಾಮ್ 1883ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಅಂಥ ಭೂಕಂಪಗಳೆಲ್ಲ ಸಿಗುತ್ತವೆ. ಬಳ್ಳಾರಿಯಲ್ಲಿ ಆಗ ದಂಡುಪ್ರದೇಶವಿತ್ತು, ಇಂಗ್ಲಿಷ್ ಅಧಿಕಾರಿಗಳಿದ್ದರು. ನೆಲ ನಡುಗಿದರೆ ಕಾಗದ ಬರೆಯುವವರಿದ್ದರು. ಸೇಡಂ, ಚಿಂಚೋಳಿಗಳು ನಿಜಾಮರ ಸಂಸ್ಥಾನದ ಒಳನಾಡು. ಇಲ್ಲಿ ನಡುಗಿದ್ದನ್ನು ಕಲ್ಕತ್ತದ ವಿದ್ವಾಂಸರ ಮೇಜಿಗೆ ಮುಟ್ಟಿಸುವವರು ವಿರಳ. ಪಟ್ಟಿ ಖಾಲಿ ಇರುವುದಕ್ಕೆ ನೆಲ ಶಾಂತವಾಗಿದ್ದದ್ದು ಒಂದು ಕಾರಣವಾಗಿರಬಹುದು. ಬರೆಯುವವರು ಇಲ್ಲದಿದ್ದದ್ದು ಇನ್ನೊಂದು ಕಾರಣವಾಗಿರಬಹುದು. ಪಟ್ಟಿಯನ್ನಷ್ಟೇ ನೋಡಿದರೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಮಿಲ್ನ್ ಮಹಾಶಯರ ಲೋಲಕ

1897ರ ಜೂನ್ 12ರಂದು ಶಿಲ್ಲಾಂಗ್ ಪ್ರಸ್ಥಭೂಮಿಯಲ್ಲಿ ಸಂಭವಿಸಿದ ಮಹಾಭೂಕಂಪದ ಅಲೆಗಳು ಯುರೋಪಿನ ಯಂತ್ರಗಳಲ್ಲಿ ದಾಖಲಾದವು. ಅಷ್ಟು ದೊಡ್ಡ ಅಲುಗಾಟ ನಡೆದ ಭಾರತದಲ್ಲಿ ಮಾತ್ರ ಸರಿಯಾದ ಒಂದು ಕಂಪನಮಾಪಕ ಇರಲಿಲ್ಲ. ಅದಾದ ಮೇಲೆ ಸರ್ಕಾರ ಎಚ್ಚೆತ್ತುಕೊಂಡಿತು. ಕಲ್ಕತ್ತದ ಆಲಿಪುರ, ಮುಂಬಯಿಯ ಕೊಲಾಬಾ, ದಕ್ಷಿಣದ ಕೊಡೈಕನಾಲ್ – ಈ ಮೂರು ಕಡೆ 1898-99ರ ಹೊತ್ತಿಗೆ ಮಿಲ್ನ್ ಕಂಪನಮಾಪಕಗಳು ಬಂದವು.

ಜಾನ್ ಮಿಲ್ನ್ ಇಂಗ್ಲಿಷಿನವರು. 1876ರಲ್ಲಿ ಜಪಾನಿಗೆ ಹೋಗಿ ಗಣಿ ಮತ್ತು ಭೂವಿಜ್ಞಾನ ಕಲಿಸುತ್ತ ಭೂಕಂಪದ ಹುಚ್ಚು ಹತ್ತಿಸಿಕೊಂಡರು. 1895ರಲ್ಲಿ ಮನೆ ಸುಟ್ಟುಹೋದ ಮೇಲೆ ಜಪಾನಿ ಪತ್ನಿಯೊಡನೆ ತಾಯ್ನಾಡಿಗೆ ಮರಳಿ, ವೈಟ್ ದ್ವೀಪದ ಶೈಡ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಬ್ರಿಟಿಷ್ ಸಾಮ್ರಾಜ್ಯದ ಮೂಲೆಮೂಲೆಗೂ ಒಂದೇ ಮಾದರಿಯ ಯಂತ್ರ ಕಳಿಸಿ, ಎಲ್ಲ ಕಡೆಯಿಂದ ಅಂಚೆಯಲ್ಲಿ ವರದಿ ತರಿಸಿಕೊಂಡು ಅಚ್ಚು ಹಾಕಿಸುವುದು ಅವರ ಯೋಜನೆ. ಜಗತ್ತಿನ ಮೊದಲ ಭೂಕಂಪ ಜಾಲ ಹೀಗೆ ಒಂದು ಹಳ್ಳಿಮನೆಯಿಂದ ನಡೆಯಿತು. 1913ರಲ್ಲಿ ಮಿಲ್ನ್ ತೀರಿಕೊಂಡರು.

ಯಂತ್ರದ ತತ್ವ ಸರಳ. ಅಡ್ಡಲಾಗಿ ತೂಗುವ ಒಂದು ಲೋಲಕ; ಗೇಟಿನ ಬಾಗಿಲು ತನ್ನ ಕೀಲಿನ ಮೇಲೆ ಅತ್ತಿತ್ತ ತೂಗುವಂತೆ ಅದು ತೂಗುತ್ತದೆ. ನೆಲ ಸರಿದಾಗ ತೂಕ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಅದರ ತುದಿಯ ಸೀಳಿನಿಂದ ಬೀಳುವ ಬೆಳಕಿನ ಚುಕ್ಕೆ ನಿಧಾನವಾಗಿ ಸರಿಯುವ ಛಾಯಾಚಿತ್ರ ಕಾಗದದ ಮೇಲೆ ಗೆರೆ ಎಳೆಯುತ್ತದೆ. ನೆಲದ ಚಲನೆಯನ್ನು ಅದು ಸುಮಾರು ಆರು ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು.

ಈ ಯಂತ್ರಕ್ಕೆ ಎರಡು ದೊಡ್ಡ ದೋಷಗಳಿದ್ದವು. ಒಂದು, ಕಾಗದ ಗಂಟೆಗೆ ಕೇವಲ 6 ಸೆಂಟಿಮೀಟರ್ ಓಡುತ್ತಿತ್ತು. ಅಂದರೆ ಒಂದು ನಿಮಿಷಕ್ಕೆ ಒಂದು ಮಿಲಿಮೀಟರ್. ಭೂಕಂಪದಿಂದ ಎರಡು ಬಗೆಯ ಅಲೆಗಳು ನೆಲದ ಒಳಗಿನಿಂದ ಹೊರಡುತ್ತವೆ, ಒಂದು ವೇಗದ್ದು, ಇನ್ನೊಂದು ನಿಧಾನದ್ದು. ಮಿಂಚು ಕಂಡು ಎಷ್ಟು ಹೊತ್ತಿಗೆ ಗುಡುಗು ಕೇಳಿತೆಂದು ಎಣಿಸಿ ದೂರ ಹೇಳುವಂತೆ, ಈ ಎರಡರ ಅಂತರದಿಂದ ಭೂಕಂಪದ ದೂರ ಕಟ್ಟುತ್ತಾರೆ. ಚಿಂಚೋಳಿಯಲ್ಲಿ ನೆಲ ನಡುಗಿದರೆ 500 ಕಿಲೋಮೀಟರ್‌ಗೂ ತುಸು ಆಚೆಯ ಕೊಲಾಬಾದಲ್ಲಿ ಈ ಅಂತರ ಹೆಚ್ಚೆಂದರೆ ಒಂದು ನಿಮಿಷ. ಕಾಗದದ ಮೇಲೆ ಅದು ಒಂದೇ ಮಿಲಿಮೀಟರ್! ಅದನ್ನು ಅಳೆಯುವುದಿರಲಿ, ಅಲ್ಲಿ ಎರಡು ಅಲೆಗಳಿವೆ ಎಂದು ಗುರುತಿಸುವುದೇ ಕಷ್ಟ. ಇನ್ನು 2021ರಲ್ಲಿ ಆದಂಥ ನಾಲ್ಕರ ಆಸುಪಾಸಿನ ಕಂಪನವಾದರೆ, ಆರು ಪಟ್ಟು ಹಿಗ್ಗಿಸುವ ಯಂತ್ರದಲ್ಲಿ ಗೆರೆ ಮಿಸುಕುವುದೂ ಇಲ್ಲ. ಕೊಡೈಕನಾಲ್ ಇಲ್ಲಿಂದ 800 ಕಿಲೋಮೀಟರ್, ಕಲ್ಕತ್ತ ಅದಕ್ಕೂ ಬಹಳ ಆಚೆ. ಹೀಗಾಗಿ ಆ ಶತಮಾನದ ಮೊದಲ ಒಂದೆರಡು ದಶಕ ಈ ಐದು ತಾಲ್ಲೂಕು-ಪಟ್ಟಣಗಳ ಸಣ್ಣ ನಡುಕವನ್ನು ಕೇಳಿಸಿಕೊಳ್ಳುವ ಒಂದು ಕಿವಿಯೂ ಇರಲಿಲ್ಲ.

ಎರಡನೆಯ ದೋಷ ಇನ್ನೂ ಸೂಕ್ಷ್ಮ. ಮಿಲ್ನ್ ಲೋಲಕಕ್ಕೆ ಕಡಿವಾಣ ಇರಲಿಲ್ಲ. ಉಯ್ಯಾಲೆಗೆ ಹದವರಿತು ನೂಕಿದರೆ ಅದು ನೂಕಿದ್ದಕ್ಕಿಂತ ಹೆಚ್ಚು ಹಾರುತ್ತದೆ. ಹಾಗೆಯೇ ನೆಲದ ಅಲೆಯ ಲಯವೂ ಲೋಲಕದ ಸ್ವಂತ ಲಯವೂ ಕೂಡಿಬಂದರೆ ಗೆರೆ ಮನಬಂದಂತೆ ದೊಡ್ಡದಾಗುತ್ತಿತ್ತು. ಆರು ಪಟ್ಟು ಎಂದು ಹೊರಗೆ ಬರೆದಿದ್ದರೂ ಒಳಗೆ ನಿಜವಾಗಿ ನಡೆದದ್ದು ಅದಕ್ಕಿಂತ ಹೆಚ್ಚು. ಮುಂದೆ ಜೆ.ಜೆ. ಶಾ ಎಂಬವರು ಲೋಲಕಕ್ಕೆ ಕಾಂತದ ತಡೆ ಹಾಕಿ, ಹಿಗ್ಗಿಸುವಿಕೆಯನ್ನು 250 ಪಟ್ಟಿನವರೆಗೆ ಒಯ್ದು, ಕಾಗದವನ್ನು ನಿಮಿಷಕ್ಕೆ 8 ಮಿಲಿಮೀಟರ್ ಓಡಿಸಿದರು. ಮಿಲ್ನ್-ಶಾ ಎಂದು ಹೆಸರಾದ ಯಂತ್ರ ಅದು.

ಕಾಂಗ್ರಾದ ಲೆಕ್ಕ ತಿದ್ದಿದ್ದು

1905ರ ಏಪ್ರಿಲ್ 4ರ ಬೆಳಿಗ್ಗೆ, ಇಂದಿನ ನಮ್ಮ ಗಡಿಯಾರದಲ್ಲಿ 6 ಗಂಟೆ 20 ನಿಮಿಷಕ್ಕೆ, ಹಿಮಾಚಲದ ಕಾಂಗ್ರಾ ಕಣಿವೆ ನಡುಗಿತು. ಸುಮಾರು 20,000 ಜನ ಸತ್ತರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಿ.ಎಸ್. ಮಿಡ್ಲ್‌ಮಿಸ್ ಊರೂರಿನ ವರದಿ ಕಲೆಹಾಕಿ 1910ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅದರಲ್ಲಿ ಒಂದು ಒಗಟು ಉಳಿಯಿತು. ಕಾಂಗ್ರಾದ ಸುತ್ತ ಹಾನಿ ಭಯಂಕರವಾಗಿದ್ದದ್ದು ಸಹಜ. ಅಲ್ಲಿಂದ ಸುಮಾರು 250 ಕಿಲೋಮೀಟರ್ ದೂರದ ಡೆಹ್ರಾಡೂನ್, ಮಸ್ಸೂರಿಗಳಲ್ಲೂ ಜೋರಾದ ಹಾನಿ. ನಡುವಿನ ಊರುಗಳಲ್ಲಿ ಅಷ್ಟಿಲ್ಲ.

ಮುಂದೆ ಗುಟೆನ್‌ಬರ್ಗ್ ಮತ್ತು ರಿಕ್ಟರ್ ಜಗತ್ತಿನ ಹಳೆಯ ಭೂಕಂಪಗಳಿಗೆಲ್ಲ ತೀವ್ರತೆಯ ಅಂಕಿ ಕೊಡುವಾಗ ಕಾಂಗ್ರಾಕ್ಕೆ 8ರ ಮಟ್ಟದ ಅಂಕಿ ಬಂತು. ಕೆಲವು ಪುಸ್ತಕಗಳಲ್ಲಿ ಅದು 8.6ರವರೆಗೂ ಏರಿತು. ಡೆಹ್ರಾಡೂನಿನ ಹಾನಿಯನ್ನೂ ಸೇರಿಸಿಕೊಂಡು, ಕಾಂಗ್ರಾದಿಂದ ಅಲ್ಲಿಯವರೆಗೆ ಹಿಮಾಲಯದ ಬುಡ ಒಂದೇ ಸಲಕ್ಕೆ ಹರಿದಿರಬೇಕೆಂದು ಹಲವರು ನಂಬಿದರು. ಸರ್ವೇ ಆಫ್ ಇಂಡಿಯಾದ ಮಟ್ಟದ ಅಳತೆಯಲ್ಲಿ ಡೆಹ್ರಾಡೂನಿನ ಕಡೆ ನೆಲ ಸುಮಾರು 13 ಸೆಂಟಿಮೀಟರ್ ಮೇಲೆದ್ದಂತೆ ಕಂಡದ್ದು ಈ ನಂಬಿಕೆಗೆ ಆಧಾರವಾಯಿತು.

ಮೊದಲು ಅಲುಗಿದ್ದು ಅಂಕಿ. 1983ರಲ್ಲಿ ಜಪಾನಿನ ಅಬೆ ಮತ್ತು ನೊಗುಚಿ ಎಂಬ ಇಬ್ಬರು 1897ರಿಂದ 1912ರವರೆಗಿನ ದೊಡ್ಡ ಭೂಕಂಪಗಳ ತೀವ್ರತೆಯನ್ನು ಪರಿಶೀಲಿಸಿದರು. ಕಡಿವಾಣವಿಲ್ಲದ ಮಿಲ್ನ್ ಯಂತ್ರಗಳ ಹಿಗ್ಗಿಸುವಿಕೆಯನ್ನು ಗುಟೆನ್‌ಬರ್ಗ್ ಕಡಿಮೆ ಹಿಡಿದಿದ್ದರು ಎಂದು ಅವರು ತೋರಿಸಿದರು. ಉದಾಹರಣೆಗೆ, ಗೆರೆಯ ಎತ್ತರ 18 ಮಿಲಿಮೀಟರ್ ಇದೆ ಎನ್ನಿ. ಯಂತ್ರ ಆರು ಪಟ್ಟು ಹಿಗ್ಗಿಸಿದ್ದಾದರೆ ನೆಲ ಸರಿದದ್ದು 3 ಮಿಲಿಮೀಟರ್. ನಿಜವಾಗಿ ಹದಿನೆಂಟು ಪಟ್ಟು ಹಿಗ್ಗಿಸಿದ್ದಾದರೆ ಸರಿದದ್ದು ಒಂದೇ ಮಿಲಿಮೀಟರ್. ಈ ಮೂರು ಪಟ್ಟಿನ ತಪ್ಪು ತೀವ್ರತೆಯ ಮಾಪಕದಲ್ಲಿ ಸುಮಾರು ಅರ್ಧ ಅಂಕಿಯಾಗುತ್ತದೆ. ಅರ್ಧ ಅಂಕಿ ಎಂದರೆ ಬಿಡುಗಡೆಯಾದ ಶಕ್ತಿಯಲ್ಲಿ ಐದಾರು ಪಟ್ಟು. ಶತಮಾನದ ಆರಂಭದಲ್ಲಿ ಭೂಮಿ ಅಸಾಧಾರಣವಾಗಿ ಕೆರಳಿತ್ತು ಎಂಬ ಒಂದು ಭಾವನೆ ಅಲ್ಲಿಯವರೆಗೆ ಇತ್ತು. ಆ ಕೆರಳಿಕೆಯ ಒಂದು ಪಾಲು ಯಂತ್ರದ್ದೇ ಎಂದಾಯಿತು.

2000ನೇ ಇಸವಿಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನಿಕೊಲಾಸ್ ಆಂಬ್ರಸೀಸ್ ಮತ್ತು ಅಮೆರಿಕದ ರೋಜರ್ ಬಿಲ್‌ಹ್ಯಾಮ್ ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಕಾಂಗ್ರಾದ ತೀವ್ರತೆ 7.8 ಎಂದು ಬರೆದರು. ಆಂಬ್ರಸೀಸ್ ಭೂಕಂಪ ತಜ್ಞರಷ್ಟೇ ಆಗಿರದೆ ಕಡತದ ಹುಳುವೂ ಆಗಿದ್ದವರು. ಯಂತ್ರದ ಗೆರೆ, ಕಲೆಕ್ಟರರ ಪತ್ರ, ಪಾದ್ರಿಯ ದಿನಚರಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದರು. 8.6ರಿಂದ 7.8ಕ್ಕೆ ಇಳಿಯಿತೆಂದರೆ ಶಕ್ತಿ ಸುಮಾರು ಹದಿನಾರನೇ ಒಂದು ಪಾಲಿಗೆ ಇಳಿದಂತೆ. ಮರುವರ್ಷ ಬಿಲ್‌ಹ್ಯಾಮ್ ಮಟ್ಟದ ಅಳತೆಯ ಹಳೆಯ ಪುಸ್ತಕಗಳನ್ನು ಮತ್ತೆ ಲೆಕ್ಕ ಹಾಕಿ, ಡೆಹ್ರಾಡೂನಿನ ಏರಿಕೆ ಅಳತೆಯ ದೋಷದಿಂದ ಬಂದಿರಬೇಕೆಂದರು. ಹಾಗಾದರೆ ಅಲ್ಲಿ ಅಷ್ಟು ಹಾನಿ ಏಕೆ? 2005ರ ಇನ್ನೊಂದು ಅಧ್ಯಯನ, ಕಾಂಗ್ರಾದ ಅಲೆಗಳ ಹೊಡೆತಕ್ಕೆ ಡೆಹ್ರಾಡೂನಿನ ಕೆಳಗೆ ಬಹಳ ಆಳದಲ್ಲಿ ಬೇರೊಂದು ಭೂಕಂಪವೇ ಸಿಡಿದಿರಬಹುದು ಎಂಬ ಸಾಧ್ಯತೆಯನ್ನು ಮುಂದಿಟ್ಟಿತು.

ನೂರು ವರ್ಷ ಹಳೆಯ ಲೆಕ್ಕ ಕೆದಕಿ ಬಂದ ಭಾಗ್ಯವೇನು ಎಂದು ಯಾರಾದರೂ ಕೇಳಬಹುದು. ಡೆಹ್ರಾಡೂನಿನವರಿಗೆ ಅದು ದೊಡ್ಡ ಸಂಗತಿ. ಬಂಡೆ ಅಲ್ಲಿಯವರೆಗೂ 1905ರಲ್ಲೇ ಹರಿದಿದ್ದರೆ ಕೂಡಿಟ್ಟ ಒತ್ತಡ ಕಳೆದಿದೆ, ಕೆಲವು ಕಾಲ ನಿಶ್ಚಿಂತೆ ಎನ್ನಬಹುದಿತ್ತು. ಹರಿದದ್ದು ಕಾಂಗ್ರಾದ ಆಸುಪಾಸಿನ ಸುಮಾರು ನೂರು ಕಿಲೋಮೀಟರ್ ಮಾತ್ರ ಎಂದಾದರೆ, ಉಳಿದ ಭಾಗದ ಒತ್ತಡ ಇನ್ನೂ ಅಲ್ಲೇ ಇದೆ.

ವಾಡಿ ಜಂಕ್ಷನ್ನಿನ ಗಡಿಯಾರ

ಹಳೆಯ ದಾಖಲೆಗಳನ್ನು ಓದುವವರಿಗೆ ಯಂತ್ರಕ್ಕಿಂತ ಹೆಚ್ಚು ಕಾಡುವುದು ಗಡಿಯಾರ. ಇದು ವಾಡಿಯಲ್ಲಿ ನಿಂತರೆ ಚೆನ್ನಾಗಿ ಅರ್ಥವಾಗುತ್ತದೆ. ಮುಂಬಯಿ–ರಾಯಚೂರು ಮಾರ್ಗ ಇಲ್ಲಿ 1871ರಲ್ಲಿ ಹಾದುಹೋಯಿತು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಹೈದರಾಬಾದಿಗೆ ಹೋಗುವ ನಿಜಾಮರ ರೈಲು 1874ರಲ್ಲಿ ಓಡಿತು. ಆಗ ಮುಂಬಯಿ ನಗರಕ್ಕೆ ಒಂದು ವೇಳೆ, ಕಲ್ಕತ್ತಕ್ಕೆ ಇನ್ನೊಂದು. ರೈಲು ಮತ್ತು ತಂತಿ ಕಚೇರಿಗಳು ಬಹುಮಟ್ಟಿಗೆ ಮದರಾಸು ವೇಳೆಯನ್ನು ಅನುಸರಿಸುತ್ತಿದ್ದವು. ವಾಡಿಯ ಸೂರ್ಯನ ಲೆಕ್ಕಕ್ಕಿಂತ ಮದರಾಸು ವೇಳೆ ಸುಮಾರು 13 ನಿಮಿಷ ಮುಂದೆ. ಇಂದಿನ ಭಾರತೀಯ ವೇಳೆ ಮದರಾಸು ವೇಳೆಗಿಂತ 9 ನಿಮಿಷ ಮುಂದೆ; ಅದು ಜಾರಿಗೆ ಬಂದದ್ದು 1906ರ ಜನವರಿ 1ರಂದು. ಕಾಂಗ್ರಾ ನಡುಗಿದ ಒಂಬತ್ತು ತಿಂಗಳ ನಂತರ!

ಭೂಕಂಪದ ವೇಗದ ಅಲೆ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ಸಾಗುತ್ತದೆ. ಒಂದು ನಿಮಿಷ ತಪ್ಪಿದರೆ 480 ಕಿಲೋಮೀಟರ್ ತಪ್ಪಿದಂತೆ. ವಾಡಿಯಿಂದ ಮುಂಬಯಿಗೆ ಹಕ್ಕಿ ಹಾರುವ ದೂರ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ‘ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಡುಗಿತು’ ಎಂಬ ಹಳೆಯ ವರದಿ ಸಿಕ್ಕರೆ, ಅದು ಯಾರ ಗಡಿಯಾರ ಎಂಬುದು ಮೊದಲ ಪ್ರಶ್ನೆ. ಸ್ಟೇಷನ್ ಮಾಸ್ತರರದ್ದೇ? ಹಾಗಿದ್ದರೆ ಮದರಾಸು ವೇಳೆ ಎಂದು ಹಿಡಿಯಬಹುದು. ಕಚೇರಿಯ ಗುಮಾಸ್ತರದ್ದೇ? ಆಗ ಸ್ಥಳೀಯ ವೇಳೆ ಇರಬಹುದು. ಮಸೀದಿಯ ನಮಾಜಿನ ಹೊತ್ತೋ, ಗುಡಿಯ ಪೂಜೆಯ ಹೊತ್ತೋ ಆದರೆ ಸೂರ್ಯನೇ ಗತಿ.

ಗಮನಿಸಬೇಕಾದ ಮತ್ತೊಂದು ಮಾತಿದೆ. ಆ ಕಾಲದ ವಿಜ್ಞಾನಿಗಳು ಭೂಕಂಪವಾದಾಗ ಪ್ರಶ್ನಾವಳಿ ಕಳಿಸುತ್ತಿದ್ದದ್ದು ಹೆಚ್ಚಾಗಿ ಸರ್ಕಾರಿ ಅಧಿಕಾರಿಗಳಿಗೆ, ರೈಲು ಮತ್ತು ತಂತಿ ನೌಕರರಿಗೆ. ಹಾಗಾಗಿ ಹಳೆಯ ಭೂಕಂಪ ನಕ್ಷೆಯ ಚುಕ್ಕೆಗಳು ರೈಲು ಹಳಿಯ ಗುಂಟ ಸಾಲುಗಟ್ಟುವುದು ಆಶ್ಚರ್ಯವಲ್ಲ. ವಾಡಿ, ಚಿತ್ತಾಪುರ, ಸೇಡಂಗಳಲ್ಲಿ ಉತ್ತರ ಬರೆಯಬಲ್ಲ ಒಬ್ಬ ನೌಕರ ಇದ್ದ. ಚಿಂಚೋಳಿಗೆ ಆಗಲೂ ರೈಲು ಇಲ್ಲ, ಈಗಲೂ ಇಲ್ಲ.

ಯಂತ್ರದ ಗೆರೆ ಸಿಗದಿದ್ದಾಗ ಜನರ ಅನುಭವವೇ ಗೆರೆಯಾಗುತ್ತದೆ. 1900ರ ಫೆಬ್ರವರಿ 8ರ ನಸುಕಿನಲ್ಲಿ ಕೊಯಮತ್ತೂರಿನ ಬಳಿ ಹುಟ್ಟಿದ ಕಂಪನ ದಕ್ಷಿಣ ಭಾರತದ ಬಹುಭಾಗವನ್ನು, ಮೈಸೂರು ಸಂಸ್ಥಾನವನ್ನೂ, ಎಬ್ಬಿಸಿತು. ಇಂದು ಅದಕ್ಕೆ 6ರ ತೀವ್ರತೆ ಕೊಡುತ್ತಾರೆ. ಎಷ್ಟು ದೂರದವರೆಗೆ ಜನ ಎದ್ದು ಕುಳಿತರು, ಎಲ್ಲಿಯವರೆಗೆ ಗೋಡೆ ಸೀಳಿದವು ಎಂಬ ವರದಿಗಳ ಹರಹಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಬಂದ ಅಂಕಿ ಅದು.

ಬೇಗಂಪೇಟೆಯ ಕಿವಿ

ನಮ್ಮ ಸೀಮೆಗೆ ಹತ್ತಿರದ ಕಿವಿ ಮೂಡಿದ್ದು ಹೈದರಾಬಾದಿನಲ್ಲಿ. ಆಕಾಶದ ಗೀಳು ಹತ್ತಿದ್ದ ನವಾಬ್ ಜಫರ್ ಜಂಗ್ 1901ರಲ್ಲಿ ಒಂದು ದೊಡ್ಡ ದೂರದರ್ಶಕ ತರಿಸಿ ಸ್ವಂತ ವೇಧಶಾಲೆ ಕಟ್ಟಿದರು. ಅವರು ತೀರಿಕೊಂಡ ಮೇಲೆ 1908ರಲ್ಲಿ ನಿಜಾಮರ ಸರ್ಕಾರ ಅದನ್ನು ವಹಿಸಿಕೊಂಡಿತು. ಬೇಗಂಪೇಟೆಗೆ ಬಂದ ಈ ನಿಜಾಮಿಯಾ ವೇಧಶಾಲೆ 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ನಕ್ಷತ್ರಗಳ ಛಾಯಾಚಿತ್ರ ತೆಗೆದು ಪಟ್ಟಿ ಮಾಡುವುದು ಅಲ್ಲಿಯ ಮುಖ್ಯ ಕೆಲಸ. ಜೊತೆಗೆ ಮಿಲ್ನ್-ಶಾ ಕಂಪನಮಾಪಕವೂ ಬಂತು. 1934ರ ಜನವರಿ 15ರ ಬಿಹಾರ–ನೇಪಾಳ ಭೂಕಂಪವನ್ನು ದಾಖಲಿಸಿದ ಭಾರತದ ಕೇಂದ್ರಗಳಲ್ಲಿ ಹೈದರಾಬಾದಿನ ಹೆಸರೂ ಇದೆ. ನಕ್ಷತ್ರ ನೋಡುವ ಮನೆಯಲ್ಲಿ ಭೂಕಂಪದ ಯಂತ್ರ ಏಕೆ ಎಂದರೆ ಕಾರಣ ಸರಳ: ಸರಿಯಾದ ಗಡಿಯಾರ ಇದ್ದದ್ದು ಅಲ್ಲೇ.

ಬೇಗಂಪೇಟೆಯಿಂದ ಚಿಂಚೋಳಿಗೆ ನೇರ ದೂರ ಸುಮಾರು 110 ಕಿಲೋಮೀಟರ್. ಕೊಲಾಬಾದ ಆರು ಪಟ್ಟಿನ ಯಂತ್ರಕ್ಕೆ ಹೋಲಿಸಿದರೆ 250 ಪಟ್ಟಿನ ಈ ಯಂತ್ರ ಪಕ್ಕದ ಮನೆಯಲ್ಲಿದ್ದಂತೆ. ಹೈದರಾಬಾದ್ ಸಂಸ್ಥಾನದ ಪಶ್ಚಿಮ ತಾಲ್ಲೂಕುಗಳ ಸಣ್ಣ ನಡುಕಗಳ ಗೆರೆ ಎಲ್ಲಾದರೂ ಬಿದ್ದಿದ್ದರೆ ಅದು ಬೀಳಬೇಕಾದದ್ದು ಅಲ್ಲಿಯ ಕಾಗದದ ಮೇಲೆ. ಆದರೆ ಒಂದು ತೊಡಕಿದೆ. ಒಂದೇ ಕೇಂದ್ರದ ಗೆರೆಯಿಂದ ದೂರ ಹೇಳಬಹುದು, ದಿಕ್ಕು ಹೇಳುವುದು ಕಷ್ಟ. 110 ಕಿಲೋಮೀಟರ್ ಎಂದು ಬಂದರೆ ಅದು ಚಿಂಚೋಳಿಯೂ ಆಗಬಹುದು, ಪೂರ್ವದಲ್ಲಿ ತೆಲಂಗಾಣದ ಇನ್ನಾವುದೋ ಊರೂ ಆಗಬಹುದು. ಆಗ ಮತ್ತೆ ಬೇಕಾಗುವುದು ಆ ದಿನ ಎಲ್ಲಿಯ ಜನ ಹೊರಗೆ ಓಡಿದರು ಎಂಬ ಸುದ್ದಿ.

ಹಳೆಯ ಗೆರೆಗಳನ್ನು ಹೊಸ ಲೆಕ್ಕಕ್ಕೆ ಒಗ್ಗಿಸುವ ಕೆಲಸದಲ್ಲಿ ಹೈದರಾಬಾದಿಗೂ ಪಾಲಿದೆ. ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಡಿ.ಡಿ. ಸಿಂಗ್ ಮತ್ತು ಹರ್ಷ ಗುಪ್ತ 1980ರಲ್ಲಿ 1934ರ ಬಿಹಾರ ಮತ್ತು 1935ರ ಕ್ವೆಟ್ಟಾ ಭೂಕಂಪಗಳ ಮೂಲಸ್ವರೂಪದ ಬಗ್ಗೆ ಅಧ್ಯಯನ ಪ್ರಕಟಿಸಿದರು. ಜಗತ್ತಿನ ಮಟ್ಟದಲ್ಲಿ, ಶತಮಾನದ ದೊಡ್ಡ ಭೂಕಂಪಗಳನ್ನೆಲ್ಲ ಹಳೆಯ ಬುಲೆಟಿನ್‌ಗಳಿಂದ ಮತ್ತೆ ಲೆಕ್ಕ ಹಾಕಿದ ಪಟ್ಟಿಯೊಂದು 2013ರಲ್ಲಿ ಹೊರಬಂತು. ಛಾಯಾಚಿತ್ರ ಕಾಗದ ಹಳದಿಯಾಗುತ್ತದೆ, ಸುರುಳಿ ಬಿಚ್ಚಿದರೆ ಮುರಿಯುತ್ತದೆ. ಇದೆಲ್ಲ ಕಾಲದ ಜೊತೆ ಓಟ.

ಕಿಲ್ಲಾರಿ

ದೊಡ್ಡ ಭೂಕಂಪಗಳ ಪಟ್ಟಿ ಎಷ್ಟು ಶುದ್ಧವಾದರೂ ಅದು ಖಾಲಿ ಜಾಗದ ಬಗ್ಗೆ ಏನೂ ಹೇಳುವುದಿಲ್ಲ. ಅದರ ಬೆಲೆ ತೆತ್ತದ್ದು ಚಿಂಚೋಳಿಯಿಂದ ವಾಯವ್ಯಕ್ಕೆ ನೂರು ಕಿಲೋಮೀಟರ್‌ಗೂ ಸ್ವಲ್ಪ ಆಚೆಯ ಕಿಲ್ಲಾರಿ. ಅದೂ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಸೀಮೆಯೇ, ಅದೇ ಕರಿಯ ಎರೆಭೂಮಿಯೇ. ಕಟ್ಟಡ ನಿಯಮಗಳ ನಕ್ಷೆಯಲ್ಲಿ ಆ ಪ್ರದೇಶ ಆಗ ಅತ್ಯಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1992ರ ಆಗಸ್ಟಿನಿಂದ ಅಲ್ಲಿ ಸಣ್ಣ ಕಂಪನಗಳು ಶುರುವಾದವು. ಅಕ್ಟೋಬರ್ 18ರಂದು ಒಂದು ದೊಡ್ಡದೇ ಆಯಿತು, ಜನ ಗಾಬರಿಯಾದರು, ಆಮೇಲೆ ಎಲ್ಲ ತಣ್ಣಗಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣೇಶನನ್ನು ಕಳಿಸಿ ಬಂದು ಮಲಗಿದ್ದ ಜನರ ಮೇಲೆ ಕಲ್ಲು-ಮಣ್ಣಿನ ಗೋಡೆಗಳು ಕುಸಿದವು. ತೀವ್ರತೆ 6.2, ಸತ್ತವರು ಸುಮಾರು 10,000. ಬೀದರ್, ಕಲಬುರಗಿ ಜಿಲ್ಲೆಗಳಲ್ಲೂ ಜನ ಬೀದಿಗೆ ಬಂದರು.

ಪಟ್ಟಿಯಲ್ಲಿ ಹೆಸರಿಲ್ಲದ ಜಾಗದಲ್ಲಿ ಇದು ಹೇಗಾಯಿತೆಂದು ಭೂವಿಜ್ಞಾನಿಗಳು ಹುಡುಕಹೊರಟಾಗ ಯಂತ್ರದ ಕಾಲಕ್ಕಿಂತ ಬಹಳ ಹಿಂದಕ್ಕೆ ಹೋಗಬೇಕಾಯಿತು. ಪುರಾತನ ತಗರ ನಗರವಾದ ಇಂದಿನ ತೇರ್‌ನಲ್ಲಿ ಹಳೆಯ ಇಟ್ಟಿಗೆ ಕಟ್ಟಡದ ವಿಕಾರಗಳನ್ನು ಸಿ.ಪಿ. ರಾಜೇಂದ್ರನ್ ಮತ್ತು ಸಂಗಡಿಗರು ಪರಿಶೀಲಿಸಿ, ಅವು ಸುಮಾರು ಒಂದೂವರೆ ಸಾವಿರ ವರ್ಷ ಹಿಂದಿನ ಭೂಕಂಪದ ಗುರುತಾಗಿರಬಹುದೆಂದು ವಾದಿಸಿದರು. ಎಲ್ಲರೂ ಒಪ್ಪಬೇಕೆಂದಿಲ್ಲ. ದಖ್ಖನ್ನಿನ ಬಂಡೆ ಒಂದೇ ಜಾಗದಲ್ಲಿ ಎರಡು ಸಲ ಒಡೆಯಲು ಸಾವಿರಾರು ವರ್ಷ ತೆಗೆದುಕೊಳ್ಳುವುದಾದರೆ ನೂರಿಪ್ಪತ್ತು ವರ್ಷದ ಯಂತ್ರದ ದಾಖಲೆ ಎಷ್ಟು ಚಿಕ್ಕದು ಎಂಬುದನ್ನಂತೂ ಅದು ತೋರಿಸುತ್ತದೆ.

2021ರಲ್ಲಿ ಗಡಿಕೇಶ್ವಾರದವರು ಕಿಲ್ಲಾರಿಯನ್ನು ನೆನೆದು ಹೆದರಿದ್ದು ಆದುದರಿಂದ ಅಕಾರಣವಲ್ಲ. ಮಳೆಗಾಲದ ನೀರು ಸುಣ್ಣದ ಕಲ್ಲಿನ ಸಂದುಗಳಲ್ಲಿ ಇಳಿದು ಒತ್ತಡ ಬದಲಾಯಿಸುವುದರಿಂದ ಇಂಥ ಸಣ್ಣ ಕಂಪನಗಳು ಬರುತ್ತವೆ ಎಂಬ ವಿವರಣೆ ಬಂತು. ಕಂಪನ ನೆಲಕ್ಕೆ ತೀರ ಹತ್ತಿರ ಹುಟ್ಟಿದರೆ ಸದ್ದು ಜೋರು. ಗಟ್ಟಿ ಕಲ್ಲು ಸದ್ದನ್ನು ಚೆನ್ನಾಗಿ ಸಾಗಿಸುತ್ತದೆ. ಇಂಥ ಗುಂಪು-ಕಂಪನಗಳಲ್ಲಿ ಹೆಚ್ಚಿನವು ದೊಡ್ಡದೇನೂ ಆಗದೆ ಅಡಗುತ್ತವೆ. ಕಿಲ್ಲಾರಿಯದು ಅಡಗಲಿಲ್ಲ. ಎರಡನ್ನೂ ಮುಂಚಿತವಾಗಿ ಬೇರ್ಪಡಿಸುವ ಗುರುತು ಯಾರ ಕೈಯಲ್ಲೂ ಇಲ್ಲ.

ಸೇಡಂ, ವಾಡಿ ಕಡೆಯವರಿಗೆ ಇನ್ನೊಂದು ಗೊಂದಲವಿದೆ. ಇಲ್ಲಿ ಸಿಮೆಂಟ್ ಗಣಿಗಳ ಸಿಡಿತಕ್ಕೆ ನೆಲ ಅದುರುವುದು ಹೊಸದಲ್ಲ. ಕಿಟಕಿ ಗಡಗಡಿಸಿದರೆ ‘ಕ್ವಾರಿ’ ಎಂದು ಸುಮ್ಮನಾಗುವ ಅಭ್ಯಾಸ. ಯಂತ್ರಕ್ಕೆ ಈ ಗೊಂದಲ ಕಡಿಮೆ. ಸಿಡಿತವಾದರೆ ಮೊದಲ ಅಲೆ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪವಾದರೆ ಕೆಲವು ದಿಕ್ಕಿಗೆ ತಳ್ಳುತ್ತದೆ, ಕೆಲವು ದಿಕ್ಕಿನಿಂದ ಸೆಳೆಯುತ್ತದೆ. ಇದನ್ನು ಕಾಣಲು ಸುತ್ತಲೂ ನಾಲ್ಕಾರು ಯಂತ್ರ ಬೇಕು, ಒಂದು ಸಾಲದು. ಪರಮಾಣು ಸ್ಫೋಟವನ್ನು ಭೂಕಂಪದಿಂದ ಬೇರ್ಪಡಿಸಲೆಂದು ನಮ್ಮದೇ ರಾಜ್ಯದ ಗೌರಿಬಿದನೂರಿನಲ್ಲಿ 1965ರ ಹೊತ್ತಿಗೆ ಯಂತ್ರಗಳ ಸಾಲನ್ನೇ ಹೂಡಿದ್ದರ ಹಿಂದಿನ ವಿದ್ಯೆಯೂ ಇದೇ.

ಇಂದಿನ ಯಂತ್ರಗಳಿಗೆ ಗಡಿಯಾರದ ಚಿಂತೆಯಿಲ್ಲ. ಉಪಗ್ರಹದಿಂದ ವೇಳೆ ಬರುತ್ತದೆ, ಸೆಕೆಂಡಿನ ಸಾವಿರದೊಂದು ಭಾಗವೂ ತಪ್ಪುವುದಿಲ್ಲ. ಗಡಿಕೇಶ್ವಾರದ 4.1ಕ್ಕೆ ದಿನಾಂಕ, ವೇಳೆ, ಆಳ ಎಲ್ಲ ಇವೆ. ಆದರೆ ಅದೇ ಊರಿನಲ್ಲಿ 1905ರಲ್ಲೋ 1910ರಲ್ಲೋ ಅಂಥದೇ ಒಂದು ರಾತ್ರಿ ಕಳೆದಿದ್ದರೆ, ಅದರ ಸುಳಿವು ಕೊಲಾಬಾದ ಕಾಗದದಲ್ಲಿ ಸಿಗುವುದಿಲ್ಲ. ಸಿಕ್ಕರೆ ಸಿಗಬೇಕಾದದ್ದು ಯಾವುದೋ ತಹಶೀಲ ಕಚೇರಿಯ ಉರ್ದು ಕಡತದಲ್ಲಿ, ಇಲ್ಲವೆ ಬಿರುಕು ಬಿಟ್ಟ ಗೋಡೆ ಕಟ್ಟಿಸಲು ಒಂದು ಮಠವೋ ದರ್ಗಾವೋ ಮಾಡಿದ ಖರ್ಚಿನ ಲೆಕ್ಕದಲ್ಲಿ. ಅಂಥ ಒಂದು ಸಾಲು ಸಿಕ್ಕರೂ, ಓದುವವರು ಮೊದಲು ಕೇಳಬೇಕಾದದ್ದು ಅದು ಯಾರ ಗಡಿಯಾರದ ವೇಳೆ ಎಂದೇ.